ಆನಂದಪುರದ ಪಾಠ: ಕಲಿಸಲು ಬಂದವರು ಕಲಿತದ್ದೇನು?

ಪ್ರತಿ ವರ್ಷ ಜುಲೈ 1 ಬಂತೆಂದರೆ ಪತ್ರಕರ್ತರ ಸಂಘಗಳಲ್ಲಿ ಒಂದು ಫೋಟೊಗೆ ಹಾರ ಬೀಳುತ್ತದೆ. ಫೋಟೊದಲ್ಲಿರುವುದು ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಜರ್ಮನ್ ಪಾದ್ರಿ. ಪತ್ರಿಕೋದ್ಯಮ ಓದಿದ ನಮ್ಮೆಲ್ಲರಿಗೂ ಇದು ಮೊದಲ ಪರೀಕ್ಷೆಯ ಮೊದಲ ಪ್ರಶ್ನೆ. ಒಂದು ಅಂಕ. ಉತ್ತರ ಬರೆದೆವು, ಪಾಸಾದೆವು, ಮರೆತೆವು.

ಅದೇ ಮನುಷ್ಯ ಹತ್ತು ವರ್ಷಗಳ ನಂತರ ನಮ್ಮ ಕೊಡಗಿಗೆ ಬಂದು, ವಿರಾಜಪೇಟೆ ಸೀಮೆಯ ಒಂದು ಮನೆಯಲ್ಲಿ ತಂಗಿ, ಆಮೇಲೆ ಜೀತದ ಆಳುಗಳ ಜೊತೆ ಒಂದು ಹೊಸ ಊರನ್ನೇ ಕಟ್ಟಲು ಹೊರಟ ಎಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಆ ಊರು ಇವತ್ತಿಗೂ ಇದೆ. ಅಮ್ಮತ್ತಿ–ಸಿದ್ದಾಪುರ ಕಡೆ ಓಡಾಡುವವರು ಬಸ್ಸಿನ ಕಿಟಕಿಯಿಂದ ಅದರ ಹೆಸರನ್ನು ನೋಡಿರುತ್ತೀರಿ. ಆನಂದಪುರ.

ಈ ಲೇಖನ ಆ ಊರಿನ ಕಥೆ. ಧರ್ಮಪ್ರಚಾರದ ಪರವಾಗಿಯೂ ಅಲ್ಲ, ವಿರೋಧವಾಗಿಯೂ ಅಲ್ಲ. ನನ್ನ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಬಡವರ ನಡುವೆ ಹೋಗಿ ಬದುಕಿ ಕಲಿಯುತ್ತೇನೆ ಎಂದು ಹೊರಟವನು ನಿಜವಾಗಿ ಏನು ಕಲಿತ, ಮತ್ತು ಯಾರಿಂದ ಕಲಿತ?

ಮೊದಲ ಶಾಲೆ: ಮಂಗಳೂರು

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದರ ಮೊದಲ ಮೂವರು ಪಾದ್ರಿಗಳು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿದು ಮಂಗಳೂರಿನಲ್ಲಿ ನೆಲೆನಿಂತರು. 1834 ಕೊಡಗಿನವರಿಗೂ ಮರೆಯಲಾಗದ ವರ್ಷ. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು ಪಟ್ಟದಿಂದ ಇಳಿಸಿ ಕೊಡಗನ್ನು ಕಂಪನಿಯ ಕೈಗೆ ತೆಗೆದುಕೊಂಡದ್ದು ಅದೇ ವರ್ಷ.

ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರ ಕೊನೆಗೆ. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ವಿಶ್ವವಿದ್ಯಾಲಯದಲ್ಲಿ ಓದಿದವನು, ಭಾಷೆಗಳಲ್ಲಿ ಗಟ್ಟಿಗ. ಮಂಗಳೂರಿನಲ್ಲಿ ಶಾಲೆ ನಡೆಸಿದ. ಸ್ಥಳೀಯ ಹುಡುಗರನ್ನು ಉಪದೇಶಿಗಳಾಗಿ ತಯಾರು ಮಾಡುವ ಕೆಲಸ ಹಿಡಿದಾಗ ಅವನೊಂದು ತೀರ್ಮಾನಕ್ಕೆ ಬಂದ. ಯುರೋಪಿಯನ್ ದೊರೆಯ ಹಾಗೆ ಬಂಗಲೆಯಲ್ಲಿದ್ದುಕೊಂಡು ಗಂಟೆ ಹೊಡೆದಾಗ ಬಂದು ಪಾಠ ಹೇಳಿ ಹೋದರೆ ಆಗದು. ಹುಡುಗರ ಜೊತೆಯಲ್ಲೇ ಇರಬೇಕು, ಅವರು ಉಣ್ಣುವುದನ್ನೇ ಉಣ್ಣಬೇಕು. ಹಾಗೆಯೇ ಇದ್ದ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಬಿಳಿಯರ ಊಟದ ಮೇಜಿಗೂ ಕರಿಯರ ಊಟದ ಎಲೆಗೂ ನಡುವೆ ದೊಡ್ಡ ಗೋಡೆಯೇ ಇದ್ದ ದಿನಗಳವು.

ಈ ಒಡನಾಟದಿಂದ ಕನ್ನಡಕ್ಕೆ ಬಂದ ಲಾಭ ನಮಗೆ ಗೊತ್ತು. ಪತ್ರಿಕೆ ಬಂತು. ಗಾದೆಗಳ ಸಂಗ್ರಹ ಬಂತು. ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆ ಬಂತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಓಲೆಗರಿಯಿಂದ ಅಚ್ಚಿಗೆ ಬಂದದ್ದು ಹೀಗೆ. ಕ್ರೈಸ್ತ ಧರ್ಮ ಹೇಳಲು ಬಂದವನು ವೀರಶೈವ ಪುರಾಣವನ್ನೂ ಹರಿದಾಸರ ಹಾಡನ್ನೂ ಅಚ್ಚು ಹಾಕಿಸಿದ. ಜನರನ್ನು ಅರಿಯದೆ ಜನರ ಜೊತೆ ಮಾತಾಡಲಾಗದು ಎಂಬುದನ್ನು ಅಷ್ಟರಮಟ್ಟಿಗೆ ಅವನು ಕಲಿತಿದ್ದ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1844ರ ಜನವರಿಯಲ್ಲಿ ಅವನ ಶಾಲೆಯ ಬ್ರಾಹ್ಮಣ ಹುಡುಗರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ಗದ್ದಲವೆದ್ದಿತು. ಅವರಲ್ಲಿ ಆನಂದರಾವ್ ಕೌಂಡಿನ್ಯ ಮುಂದೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಪಾದ್ರಿಯಾಗಿ ಮರಳಿದ. ಓದಿದವರು, ಮೇಲ್ಜಾತಿಯವರು ಬಂದರೆ ಉಳಿದವರೂ ಹಿಂದೆಯೇ ಬರುತ್ತಾರೆ ಎಂಬ ಲೆಕ್ಕಾಚಾರ ಆಗಿನ ಹಲವು ಮಿಷನರಿಗಳಲ್ಲಿತ್ತು. ಆ ಲೆಕ್ಕ ತಪ್ಪೆಂದು ಮೊಗ್ಲಿಂಗ್‌ಗೆ ತೋರಿಸಿಕೊಟ್ಟದ್ದು ಕೊಡಗು.

ಎರಡನೆಯ ಶಾಲೆ: ಅಲಮಂಡ

1852ರ ಹೊತ್ತಿಗೆ ಮೊಗ್ಲಿಂಗ್ ಯುರೋಪಿಗೆ ಮರಳುವ ತಯಾರಿಯಲ್ಲಿದ್ದ. ಆಗ ಮಂಗಳೂರಿಗೆ ಕೊಡಗಿನಿಂದ ಒಬ್ಬ ಮನುಷ್ಯ ಬಂದ. ಅಲಮಂಡ ಸೋಮಯ್ಯ. ಸತ್ಯ ಹುಡುಕುತ್ತ ಅಲೆದಾಡಿದ್ದ ಕೊಡವ. ತಾನು ಕ್ರೈಸ್ತನಾಗಬೇಕು ಎಂದ. ಮೊಗ್ಲಿಂಗ್ ಹಡಗು ಹತ್ತುವ ಯೋಚನೆ ಬಿಟ್ಟು, 1853ರಲ್ಲಿ ಸೋಮಯ್ಯನ ಜೊತೆ ಘಾಟಿ ಹತ್ತಿದ. ಬಾಸೆಲ್ ಮಿಷನ್ನಿನ ಯೋಜನೆಯಲ್ಲಿ ಆಗ ಕೊಡಗು ಇರಲೇ ಇಲ್ಲ. ಅವನಾಗಿ ಹೋದ. ಮಿಷನ್ ಆಮೇಲೆ ಬಂತು.

ಇಲ್ಲಿ ಒಂದು ಮಾತು ಗಮನಿಸಿ. ಕೊಡಗಿಗೆ ಕ್ರೈಸ್ತರು ಬಂದದ್ದು ಮೊಗ್ಲಿಂಗ್‌ನಿಂದ ಅಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾದ ಕೊಂಕಣಿ ಕೆಥೊಲಿಕರಿಗೆ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ಆಶ್ರಯ ಕೊಟ್ಟಿದ್ದ. ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಇತಿಹಾಸ 1792ರಿಂದ ಶುರುವಾಗುತ್ತದೆ. ಆದರೆ ಅವರು ಹೊರಗಿನಿಂದ ಬಂದು ನೆಲೆಸಿದವರು. ಕೊಡವರ ಒಕ್ಕದಿಂದಲೇ ಒಬ್ಬ ಹೊರಬರುವುದು ಬೇರೆಯೇ ಸಂಗತಿ.

ಯಾಕೆ ಬೇರೆ? ಕೊಡಗಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕೊಡವನ ಭೂಮಿ ಅವನೊಬ್ಬನದಲ್ಲ, ಒಕ್ಕದ್ದು. ಆಗ ಜಮ್ಮಾ ಗದ್ದೆಯನ್ನು ಪಾಲು ಮಾಡುವಂತಿರಲಿಲ್ಲ, ಮಾರುವಂತಿರಲಿಲ್ಲ. ಐನ್‌ಮನೆಯಲ್ಲಿ ಕಾರಣವರ ಆರಾಧನೆ, ಕೈಮಡದಲ್ಲಿ ಹಿರಿಯರಿಗೆ ಮೀದಿ, ಪುತ್ತರಿಯಲ್ಲಿ ಎಲ್ಲರೂ ಒಟ್ಟಿಗೆ ಕದಿರು ತೆಗೆಯುವುದು. ಧರ್ಮ, ಮನೆ, ಗದ್ದೆ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಬಿಟ್ಟರೆ ಇನ್ನೆರಡು ಉಳಿಯುತ್ತವೆಯೇ? ಧರ್ಮ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದು ಎಂದು ಬ್ರಿಟಿಷ್ ಸರಕಾರ 1850ರಲ್ಲಿ ಕಾನೂನು ಮಾಡಿತ್ತು ನಿಜ. ಆದರೆ ಕಾನೂನು ಜಮೀನಿನ ಹಕ್ಕು ಉಳಿಸಬಹುದು, ಹಬ್ಬದ ದಿನ ಜೊತೆಗೆ ಕೂತು ಉಣ್ಣುವ ನೆಂಟರನ್ನು ಉಳಿಸಿಕೊಡಲಾರದು. ಸೋಮಯ್ಯ ತನ್ನವರ ವಿರೋಧ ಎದುರಿಸಿದ. ದೀಕ್ಷೆ ಪಡೆದು ಸ್ತೆಫಾನ ಸೋಮಯ್ಯನಾದ.

ಮೊಗ್ಲಿಂಗ್ ಅಲಮಂಡದಲ್ಲಿ ನೆಲೆ ಮಾಡಿಕೊಂಡ. ಕೊಡಗನ್ನು ಕಣ್ಣಾರೆ ಕಂಡ. ಜನರ ಮಾತು, ಅರಸರ ಚರಿತ್ರೆ, ಹಬ್ಬ, ಮದುವೆ ಎಲ್ಲವನ್ನೂ ಬರೆದುಕೊಂಡ. 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವನ 'ಕೂರ್ಗ್ ಮೆಮಾಯರ್ಸ್' ಕೊಡಗಿನ ಬಗ್ಗೆ ಬಂದ ಮೊದಲಿನ ಪುಸ್ತಕಗಳಲ್ಲಿ ಒಂದು. ಅವನ ಹಿಂದೆಯೇ ಬಂದ ಜಾರ್ಜ್ ರಿಕ್ಟರ್ ಮಡಿಕೇರಿಯ ಶಾಲೆಯ ಹೊಣೆ ಹೊತ್ತು, 1870ರಲ್ಲಿ 'ಮ್ಯಾನ್ಯುಯಲ್ ಆಫ್ ಕೂರ್ಗ್' ಬರೆದ. ನಿಘಂಟಿನ ಕಿಟ್ಟೆಲ್ ಕೂಡ ಮಡಿಕೇರಿಯಲ್ಲಿದ್ದು ಕೆಲಸ ಮಾಡಿದವನೇ. ಇವತ್ತು ಕೊಡಗಿನ ಇತಿಹಾಸ ಬರೆಯುವ ಯಾರೂ ಈ ಪುಸ್ತಕಗಳನ್ನು ದಾಟಿ ಹೋಗಲಾರರು.

ಮೊಗ್ಲಿಂಗ್‌ನ ಮನಸ್ಸಿನಲ್ಲಿದ್ದುದು ಕೊಡವರು. ಸೋಮಯ್ಯ ಬಂದ, ಇನ್ನು ಇಡೀ ನಾಡೇ ಬರುತ್ತದೆ ಎಂಬ ಆಸೆ. ನಾಡು ಬರಲಿಲ್ಲ. ಕೊಡವರು ಅವನನ್ನು ಗೌರವಿಸಿದರು, ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಿದರು, ಆದರೆ ತಮ್ಮ ಒಕ್ಕವನ್ನೂ ಕಾರಣವರನ್ನೂ ಬಿಡಲಿಲ್ಲ. ಬಂದವರು ಬೇರೆಯವರು. ಅವನು ಕರೆಯದಿದ್ದವರು.

ಗದ್ದೆಯ ಜೊತೆ ಬರೆದುಕೊಟ್ಟ ಜನ

ಅರಸರ ಕಾಲದ ಕೊಡಗಿನಲ್ಲಿ ಗದ್ದೆ ಉತ್ತವರು ಯಾರು? ವೀರರ ನಾಡು, ಕೋವಿ, ಕತ್ತಿ ಎಂದೆಲ್ಲ ಓದುತ್ತೇವೆ. ಆದರೆ ಆ ವೀರರು ಅರಸನ ಚಾಕರಿಗೆ ಹೋದಾಗ ಗದ್ದೆಯ ಕೆಸರಿನಲ್ಲಿ ಇದ್ದವರು ಜಮ್ಮದ ಆಳುಗಳು. ಆಗಿನ ದಾಖಲೆಗಳು ಅವರನ್ನು ಹೊಲೆಯರು ಎಂದು ಬರೆಯುತ್ತವೆ. ಕೆಂಬಟ್ಟಿ, ಬಡಗ, ಕುಕ್ಕ, ಮರಿಂಗಿ ಎಂಬ ಪಂಗಡಗಳನ್ನೂ ಹೆಸರಿಸುತ್ತವೆ. ಆ ಜಾತಿಯ ಹೆಸರನ್ನು ಇವತ್ತು ಬೈಗುಳವಾಗಿ ಬಳಸಿದರೆ ಅಪರಾಧ. ನಾನು ಇಲ್ಲಿ ಚರಿತ್ರೆಯ ಮಾತಾಗಿ ಮಾತ್ರ ಬಳಸುತ್ತಿದ್ದೇನೆ.

ಈ ಆಳುಗಳಲ್ಲೂ ಎರಡು ಬಗೆ ಇತ್ತು. ಭೂಮಿ ಜಮ್ಮದ ಆಳು ನೆಲಕ್ಕೆ ಸೇರಿದವನು. ಗದ್ದೆ ಯಾರ ಕೈಗೆ ಹೋದರೂ ಅವನು ಗದ್ದೆಯ ಜೊತೆ ಹೋಗಬೇಕು. ಒಕ್ಕಲು ಜಮ್ಮದ ಆಳು ಯಜಮಾನನಿಗೆ ಸೇರಿದವನು. ಅವನನ್ನು ಮಾರಬಹುದು, ಅಡವಿಡಬಹುದು. ಅರಸನ ಸ್ವಂತ ಗದ್ದೆಗಳಿಗೆ ಪಣ್ಯ ಎಂದು ಹೆಸರು. ಅಲ್ಲಿ ದುಡಿಯಲು ಅರಮನೆಯ ಆಳುಗಳೇ ಬೇರೆ.

1843ರಲ್ಲಿ ಬ್ರಿಟಿಷ್ ಸರಕಾರ ಐದನೇ ಕಾಯಿದೆ ತಂದಿತು. ಇನ್ನು ಮುಂದೆ 'ಇವನು ನನ್ನ ಗುಲಾಮ' ಎಂಬ ಹಕ್ಕನ್ನು ಯಾವ ಕೋರ್ಟೂ ಮಾನ್ಯ ಮಾಡದು ಎಂದು ಅದರ ಸಾರ. ವರ್ಷ ನೆನಪಿಟ್ಟುಕೊಳ್ಳಿ. 'ಮಂಗಳೂರ ಸಮಾಚಾರ' ಹುಟ್ಟಿದ ವರ್ಷವೇ ಅದು. ಆದರೆ ಓದು ಬಾರದ, ಅಂಗೈಯಗಲ ನೆಲವಿಲ್ಲದ ಮನುಷ್ಯನಿಗೆ ಕೋರ್ಟಿನ ಬಾಗಿಲು ಎಲ್ಲಿದೆ ಎಂದು ಯಾರು ಹೇಳಬೇಕು? ನೀನು ಸ್ವತಂತ್ರ ಎಂದರೆ ಸಂಜೆ ಎಲ್ಲಿಗೆ ಹೋಗಬೇಕು? ಗುಡಿಸಲು ಯಜಮಾನನ ನೆಲದಲ್ಲಿ. ಭತ್ತ ಯಜಮಾನನ ಕಣಜದಲ್ಲಿ. ಕಾನೂನು ಸಂಕೋಲೆ ಬಿಚ್ಚಿತು, ಕಾಲಿಡಲು ನೆಲ ಕೊಡಲಿಲ್ಲ.

1850ರ ದಶಕದಲ್ಲಿ ಇನ್ನೊಂದು ಬದಲಾವಣೆ ಬಂತು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಕಾಫಿ ತೋಟ ಹಾಕಿದ. ಯುರೋಪಿಯನ್ನರ ಮೊದಲ ತೋಟ ಅದು. ನೋಡನೋಡುತ್ತ ಕಾಡು ಕಡಿದು ತೋಟಗಳು ಬಂದವು. ತೋಟಕ್ಕೆ ಆಳು ಬೇಕು, ಕೂಲಿ ನಗದಿನಲ್ಲಿ. ಯಜಮಾನನ ಅಂಗಳದಾಚೆ ಬೇರೊಂದು ಬದುಕು ಸಾಧ್ಯ ಎಂಬುದು ಮೊದಲ ಬಾರಿಗೆ ಆಳುಗಳ ಕಣ್ಣಿಗೆ ಬಿತ್ತು.

ಇಂಥ ಹೊತ್ತಿನಲ್ಲಿ ಆಳುಗಳ ಕೆಲವು ಕುಟುಂಬಗಳು ಮೊಗ್ಲಿಂಗ್‌ನ ಬಳಿ ಬಂದವು. ನಾವೂ ನಿಮ್ಮ ಧರ್ಮಕ್ಕೆ ಬರುತ್ತೇವೆ ಎಂದವು.

ಮೂರನೆಯ ಶಾಲೆ: ಆನಂದಪುರ

ಹೀಗೆ 1850ರ ದಶಕದ ಕೊನೆಗೆ ಆನಂದಪುರ ಹುಟ್ಟಿತು. ಕಾಡು ಕಡಿದು ನೆಲ ಮಾಡಿದರು. ಮನೆಗಳು, ಪ್ರಾರ್ಥನೆಯ ಜಾಗ, ಮಕ್ಕಳಿಗೆ ಪಾಠ, ಹೊಟ್ಟೆಪಾಡಿಗೆ ಕಾಫಿ.

ಅವರು ದೇವರಿಗಾಗಿ ಬಂದರೋ, ನೆಲಕ್ಕಾಗಿ ಬಂದರೋ? ಈ ಪ್ರಶ್ನೆಯನ್ನು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ನನಗೆ ಈ ಪ್ರಶ್ನೆಯೇ ಉಂಡವರ ಪ್ರಶ್ನೆ ಅನ್ನಿಸುತ್ತದೆ. ದೇವಸ್ಥಾನದ ಅಂಗಳಕ್ಕೂ ಕಾಲಿಡಗೊಡದ ಊರಿನಲ್ಲಿ ಹುಟ್ಟಿದವನಿಗೆ ನಿನಗೂ ಒಂದು ಹೆಸರಿದೆ, ನಿನ್ನ ಮಗುವೂ ಅಕ್ಷರ ಕಲಿಯಬಹುದು, ಈ ಮನೆ ನಿನ್ನದು ಎಂದರೆ, ಅದರಲ್ಲಿ ದೇವರ ಪಾಲು ಎಷ್ಟು, ನೆಲದ ಪಾಲು ಎಷ್ಟು ಎಂದು ತೂಗಲು ತಕ್ಕಡಿ ಎಲ್ಲಿದೆ? ಐನ್‌ಮನೆಯ ಕೊಡವನಿಗೆ ಧರ್ಮ ಮತ್ತು ನೆಲ ಒಂದೇ ಆಗಿರಬಹುದಾದರೆ, ಅವನ ಆಳಿಗೆ ಮಾತ್ರ ಅವು ಯಾಕೆ ಬೇರೆ ಬೇರೆ ಆಗಿರಬೇಕು?

ಇನ್ನೊಂದು ಚಿತ್ರ ನೋಡಿ. ಪಟ್ಟ ಕಳೆದುಕೊಂಡ ಚಿಕ್ಕವೀರರಾಜ ಕಾಶಿಯಿಂದ ಲಂಡನ್ನಿಗೆ ಹೋಗಿದ್ದ. 1852ರ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವನ ಮಗಳು ಗೌರಮ್ಮ ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ನಿಂತು ತನ್ನ ಹೆಸರು ಕೊಟ್ಟಳು. ಅದಾದ ಕೆಲವೇ ವರ್ಷಗಳಲ್ಲಿ ಅದೇ ಕೊಡಗಿನ ಕಾಡಂಚಿನಲ್ಲಿ ಅರಸರ ಕಾಲದ ಆಳುಗಳ ಮಕ್ಕಳೂ ಅದೇ ದೀಕ್ಷೆ ಪಡೆದರು. ವಿಕ್ಟೋರಿಯಾ ಗೌರಮ್ಮನ ಬಗ್ಗೆ ಪುಸ್ತಕಗಳಿವೆ, ಚಿತ್ರಗಳಿವೆ. ಆನಂದಪುರದ ಮೊದಲ ಕುಟುಂಬಗಳ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆನಂದಪುರದ ತಪ್ಪುಗಳನ್ನೂ ಬಚ್ಚಿಡಬಾರದು. ಮಿಷನ್ ನಡೆಸುವ ಊರಿನಲ್ಲಿ ಪಾದ್ರಿಯ ಮಾತೇ ಕಾನೂನು. ಯಾರು ಇರಬೇಕು, ಹೇಗೆ ಬದುಕಬೇಕು, ಕುಡಿಯಬಾರದು, ಭಾನುವಾರ ಕೆಲಸ ಮಾಡಬಾರದು, ಹಳೆಯ ದೈವಗಳ ಕಡೆ ತಿರುಗಿ ನೋಡಬಾರದು. ಒಬ್ಬ ಯಜಮಾನನನ್ನು ಬಿಟ್ಟು ಬಂದವರಿಗೆ ಇನ್ನೊಬ್ಬ ಯಜಮಾನ ಸಿಕ್ಕಿದಂತೆ ಕಂಡಿರಲೂಬಹುದು, ಎಷ್ಟೇ ಒಳ್ಳೆಯವನಾದರೂ. ಬಾಸೆಲ್ ಮಿಷನ್ ಎಲ್ಲ ಕಡೆ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿತ್ತು. ಜಾತಿಯಿಂದ ಹೊರಬಿದ್ದವರಿಗೆ ಊರಲ್ಲಿ ಕೆಲಸ ಸಿಗದು. ಆದ್ದರಿಂದ ಮಂಗಳೂರಿನಲ್ಲಿ ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ. ಚರ್ಚೂ ಅವರದೇ, ಕೆಲಸವೂ ಅವರದೇ, ಮನೆಯೂ ಅವರದೇ. ಭದ್ರತೆ ಮತ್ತು ಹಿಡಿತ ಎರಡೂ ಒಂದೇ ಬಾಗಿಲಿನಿಂದ ಬಂದವು.

1860ರಲ್ಲಿ ಮೊಗ್ಲಿಂಗ್ ಹೆಂಡತಿ ಪೌಲೀನೆಯೊಂದಿಗೆ ಜರ್ಮನಿಗೆ ಮರಳಿದ. ಮತ್ತೆ ಬರಲಿಲ್ಲ. 1866ರಲ್ಲಿ ಕೊಡಗಿನ ಮೇಲೆ ಜರ್ಮನ್ ಭಾಷೆಯಲ್ಲಿ ಮತ್ತೊಂದು ಪುಸ್ತಕ ತಂದ. 1881ರಲ್ಲಿ ತೀರಿಕೊಂಡ. ಅವನ ಜೀವನಚರಿತ್ರೆ ಬರೆದದ್ದು ಮಲಯಾಳ ನಿಘಂಟಿನ ಗುಂಡರ್ಟ್. ಜನರು ಮಾತ್ರ ಆನಂದಪುರದಲ್ಲೇ ಉಳಿದರು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನ್ ಪಾದ್ರಿಗಳೆಲ್ಲ ಬ್ರಿಟಿಷರ ಸೆರೆ ಸೇರಿದಾಗಲೂ ಉಳಿದರು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿದಾಗಲೂ ಉಳಿದರು. ಪಾದ್ರಿಗಳು ಬಂದರು, ಹೋದರು. ಸಭೆಯನ್ನು ಹೊತ್ತು ನಡೆದವರು ಅವರೇ. ಇತ್ತೀಚೆಗೆ, 2003ರಲ್ಲಿ, ಆಲ್ಬ್ರೆಕ್ಟ್ ಫ್ರೆನ್ಜ್ ಎಂಬ ಜರ್ಮನ್ ವಿದ್ವಾಂಸರು ಆನಂದಪುರದ ಮೇಲೆ ಪುಸ್ತಕ ತಂದರು. ಅದರ ಜರ್ಮನ್ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಸ್ವಾತಂತ್ರ್ಯಕ್ಕೊಂದು ಮುಖವಿದೆ'.

ಕೊಳೆಗೇರಿಗೆ ಹೋದ ವಿದ್ಯಾರ್ಥಿಗಳು

ಜೊತೆಗಿದ್ದು ಕಲಿಯುವ ಈ ದಾರಿಯನ್ನು ಮುಂದೆ ಜಗತ್ತಿನ ಬೇರೆ ಕಡೆಯೂ ತುಳಿದರು. 1884ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡಗೇರಿಯಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿ ಮತ್ತು ಅವರ ಪತ್ನಿ ಹೆನ್ರಿಯೆಟಾ 'ಟಾಯ್ನ್‌ಬಿ ಹಾಲ್' ತೆರೆದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಓದಿದ ಶ್ರೀಮಂತರ ಮಕ್ಕಳು ಅಲ್ಲಿ ಬಂದು ಬಡವರ ನೆರೆಯಲ್ಲಿ ವಾಸ ಮಾಡಬೇಕಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಜಪಾನಿನ ಟೊಯೊಹಿಕೊ ಕಗಾವ. ಕೋಬೆ ನಗರದಲ್ಲಿ ಪಾದ್ರಿಯಾಗಲು ಓದುತ್ತಿದ್ದ 21 ವರ್ಷದ ಹುಡುಗ. 1909ರ ಕ್ರಿಸ್‌ಮಸ್ ಹಿಂದಿನ ದಿನ ಬಟ್ಟೆಬರೆ, ಪುಸ್ತಕಗಳನ್ನು ಕಟ್ಟಿಕೊಂಡು ಶಿಂಕಾವಾ ಎಂಬ ಕೊಳೆಗೇರಿಗೆ ಹೋಗಿ ವಾಸ ಶುರು ಮಾಡಿದರು. ಅಲ್ಲಿ ಕಣ್ಣಿನ ರೋಗ ಹತ್ತಿಸಿಕೊಂಡರು. ವರ್ಷಗಟ್ಟಲೆ ಇದ್ದ ಮೇಲೆ ಅವರಿಗೆ ತಿಳಿದದ್ದು ಇದು: ಗಂಜಿ ಹಂಚಿದರೆ ಕೊಳೆಗೇರಿ ಹೋಗುವುದಿಲ್ಲ, ಕೂಲಿ ಸರಿಯಾದರೆ ಹೋಗುತ್ತದೆ. ಮುಂದೆ ಅವರು ಕಾರ್ಮಿಕರ ಸಂಘ ಕಟ್ಟಿದರು, ಸಹಕಾರ ಸಂಘ ಕಟ್ಟಿದರು. ಕಲಿಸಲು ಹೋದವನನ್ನು ಕೇರಿಯೇ ತಿದ್ದಿತು.

ನಮ್ಮ ಕಡೆ ಮೊಗ್ಲಿಂಗ್ ಶುರು ಮಾಡಿದ ಉಪದೇಶಿಗಳ ತರಬೇತಿ 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಸೆಮಿನರಿಯಾಗಿ ನೆಲೆಯೂರಿತು. 1965ರಿಂದ ಅದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದಲಿತ ದೇವತಾಶಾಸ್ತ್ರ ಎಂಬ ವಿಚಾರ ಇಂಥ ಕಾಲೇಜುಗಳ ಒಳಗೇ ಎದ್ದು ಬಂತು. ಚರ್ಚಿನ ಬೆಂಚಿನಲ್ಲಿ ಕೂತವರಲ್ಲಿ ಬಹಳ ಜನ ದಲಿತರು, ಆದರೆ ಪುಸ್ತಕದಲ್ಲಿರುವ ಮಾತು ಬೇರೆಯವರದು ಎಂಬುದು ಅದರ ಆಕ್ಷೇಪ. ಆನಂದಪುರದಂಥ ಊರುಗಳಿಂದ ಬಂದ ಪ್ರಶ್ನೆ ತರಗತಿಯ ಒಳಗೆ ಹೋಗಲು ನೂರು ವರ್ಷದ ಮೇಲೆ ಬೇಕಾಯಿತು.

ಕಥೆ ಮುಗಿದಿಲ್ಲ

ಇದನ್ನೆಲ್ಲ ಹಳೆಯ ಕಥೆ ಎಂದು ಓದಿ ಮೊಬೈಲ್ ಕೆಳಗಿಡಬೇಡಿ. ಎರಡು ಸಂಗತಿ ಇವತ್ತಿನವು.

ಒಂದು, ಮೀಸಲಾತಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಇನ್ನೂ ಹೊರಗೆ. ಧರ್ಮ ಬದಲಾದ ಮೇಲೆ ಜಾತಿ ಇಲ್ಲ ಎಂಬುದು ಕಾಗದದ ತರ್ಕ. ಮದುವೆಯ ಮಾತುಕತೆಯಲ್ಲಿ, ಬಾಡಿಗೆ ಮನೆ ಕೇಳುವಾಗ ಆ ತರ್ಕ ಎಷ್ಟು ನಿಲ್ಲುತ್ತದೆ ಎಂದು ನಿಮಗೇ ಗೊತ್ತು. ಈ ವಿಷಯ ಪರಿಶೀಲಿಸಲು ಕೇಂದ್ರ ಸರಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಮೇಲಿನ ಪ್ರಶ್ನೆಯನ್ನು ಇಲ್ಲಿ ತಿರುಗಿಸಿ ಕೇಳಬಹುದು: ಮುತ್ತಜ್ಜ ಚರ್ಚಿಗೆ ಹೋದ ಎಂಬ ಕಾರಣಕ್ಕೆ ಅವನ ಹೆಗಲ ಮೇಲಿದ್ದ ನೊಗದ ಗುರುತು ಮರಿಮಗನಿಂದ ಅಳಿಸಿಹೋಗುತ್ತದೆಯೇ?

ಎರಡು, ನೆಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದ ಸುದ್ದಿ ನಿಮಗೆ ನೆನಪಿರಬಹುದು. ಸಿದ್ದಾಪುರ–ಮಾಲ್ದಾರೆ ಕಡೆಯ ಜಾಗ, ಆನಂದಪುರಕ್ಕೆ ಬಹಳ ದೂರವೇನಲ್ಲ. ಅಲ್ಲಿದ್ದ ಬಹುಪಾಲು ಜನ ತೋಟಗಳ ಲೈನ್‌ಮನೆಗಳಲ್ಲಿ ಬದುಕಿ, ಸ್ವಂತ ಸೂರು ಬೇಕೆಂದು ಹೊರಬಂದವರು. ಲೈನ್‌ಮನೆ ಗೊತ್ತಲ್ಲ? ತೋಟದ ಕೆಲಸ ಇರುವ ತನಕ ಮನೆ. ಕೆಲಸ ಬಿಟ್ಟರೆ ಮನೆಯೂ ಇಲ್ಲ. ಭೂಮಿ ಜಮ್ಮದ ಆಳಿನ ಗುಡಿಸಲೂ ಹೀಗೇ ಇತ್ತು. 'ಬೇರೆ ಎಲ್ಲಿಗೆ ಹೋಗಲಿ?' ಎಂದು 1850ರ ದಶಕದಲ್ಲಿ ಎದ್ದ ಪ್ರಶ್ನೆ ನಮ್ಮ ಕಾಲದಲ್ಲೂ ಎದ್ದಿದೆ, ಕೇಳುವವರು ಮಾತ್ರ ಬೇರೆ.

ಅರ್ಧ ಗಂಟೆಯ ವರದಿ

ಕೊನೆಗೆ ನಮ್ಮದೇ ಒಂದು ಮಾತು. ಕಾಲೇಜು ಮುಗಿಸಿದ ಹೊಸದರಲ್ಲಿ ನಾನೊಂದು ಲೈನ್‌ಮನೆಗೆ ವರದಿಗೆಂದು ಹೋಗಿದ್ದೆ. ಅರ್ಧ ಗಂಟೆಯಲ್ಲಿ ನಾಲ್ಕು ಫೋಟೊ, ಎರಡು ಹೇಳಿಕೆ ಸಿಕ್ಕಿತು. ಹೊರಡುವಾಗ ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೇಳಿದರು: "ಇಷ್ಟು ಬೇಗ ತಿಳೀತಾ ಮಗಾ? ನಾನು ಐವತ್ತು ವರ್ಷದಿಂದ ಇಲ್ಲೇ ಇದ್ದೀನಿ, ನಂಗೇ ತಿಳೀಲಿಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ವರದಿ ಬಂತು, ಹೆಸರೂ ಬಂತು. ನನ್ನ ಹೆಸರು. ಅಜ್ಜಿಯ ಹೆಸರು ಕೇಳಲು ಮರೆತಿದ್ದೆ.

ಅದಕ್ಕೇ ಮೊಗ್ಲಿಂಗ್‌ನನ್ನು ಸುಲಭವಾಗಿ ಬೈಯಲೂ ಆಗುವುದಿಲ್ಲ, ಸುಲಭವಾಗಿ ಹೊಗಳಲೂ ಆಗುವುದಿಲ್ಲ. ಅವನು ಅರ್ಧ ಗಂಟೆಯಲ್ಲಿ ಎದ್ದು ಹೋಗಲಿಲ್ಲ. ಏಳು ವರ್ಷ ಕೊಡಗಿನಲ್ಲಿದ್ದ. ತಾನು ಹುಡುಕಿಕೊಂಡು ಬಂದವರು ಬಾರದೆ, ಬೇರೆಯವರು ಬಂದು ಬಾಗಿಲಲ್ಲಿ ನಿಂತಾಗ ಬಾಗಿಲು ಹಾಕಲಿಲ್ಲ. ಅಷ್ಟನ್ನು ಅವನು ಕಲಿತ. ಆದರೆ ಅವನ ಪುಸ್ತಕಗಳಲ್ಲಿ ಅರಸರ ವಂಶಾವಳಿ ತಲೆಮಾರು ತಲೆಮಾರಾಗಿ ಇದೆ. ಕಾಡು ಕಡಿದು ಆನಂದಪುರ ಕಟ್ಟಿದವರ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬರೆದ ಪುಸ್ತಕ ಅವನಿಂದಲೂ ಬರಲಿಲ್ಲ, ನಮ್ಮಿಂದಲೂ ಇನ್ನೂ ಬಂದಿಲ್ಲ.

ಆನಂದಪುರದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಹತ್ತಿರ ಕೂತು ಕೇಳಿ. ನಮ್ಮವರು ಯಾವ ಗದ್ದೆಯಿಂದ ಬಂದರು, ಮೊದಲು ಬಂದವರ ಹೆಸರೇನು, ದೀಕ್ಷೆಗೆ ಮುಂಚೆ ಅವರನ್ನು ಏನೆಂದು ಕರೆಯುತ್ತಿದ್ದರು, ಮೊದಲ ಮನೆ ಎಲ್ಲಿತ್ತು. ಫೋನಿನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಜುಲೈ 1ಕ್ಕೆ ಒಂದು ಫೋಟೊಗೆ ಹಾರ ಹಾಕುವಾಗ, ಪಕ್ಕದಲ್ಲಿ ಓದಲು ನಮಗೆ ಒಂದಿಷ್ಟು ಹೆಸರುಗಳಾದರೂ ಇರಲಿ.